ಕೃಂಬಿಗಲ್ ಊರಿಗೆ ಮರಳಲಿಲ್ಲ

ಅರವತ್ತೆರಡಕ್ಕೆ ಕೆಲಸ ಬಿಟ್ಟು ಜಯನಗರಕ್ಕೆ ಬಂದುಬಿಡೋಣ ಅಂತ ಲೆಕ್ಕ ಹಾಕ್ತಿದ್ದೀನಿ. ಮದುವೆ ಆಗಿಲ್ಲ, ಮಕ್ಕಳಿಲ್ಲ. ಕೈಯಲ್ಲಿರೋದು ಅಮೆರಿಕದ ಪಾಸ್‌ಪೋರ್ಟ್. ಹುಟ್ಟಿದ ಊರಲ್ಲೇ ಈಗ ಕಾನೂನಿನ ಪ್ರಕಾರ ನಾನು ಪರದೇಶದವಳು. 2006ರಲ್ಲಿ ಶುರುವಾದ ಓಸಿಐ ಕಾರ್ಡ್ ಇದ್ದರೆ ಜೀವಮಾನವಿಡೀ ಇರಬಹುದು, ಮನೆ ಕೊಳ್ಳಬಹುದು. ಹೊಲ ಕೊಳ್ಳುವಂತಿಲ್ಲ, ಓಟು ಹಾಕುವಂತಿಲ್ಲ.

"ಅದೆಲ್ಲಾ ಸರಿ, ಒಬ್ಳೇ ಹೇಗಿರ್ತೀಯೇ?" ಅಂತಾಳೆ ಅಕ್ಕ.

ಅದೇ ಯೋಚನೇಲಿ ಲಾಲ್‌ಬಾಗ್ ಸುತ್ತುವಾಗ ಕೃಂಬಿಗಲ್ ನೆನಪಾದರು. ಡ್ರೆಸ್ಡನ್ ಬಳಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟ, ಬರೋಡಾ ದಾಟಿ 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರ. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಬೆಂಗಳೂರಿನ ರಸ್ತೆಗಳಿಗೆ ಸಾಲುಮರ ಹಾಕಿಸಿದವರು. 1932ರಲ್ಲಿ ನಿವೃತ್ತರಾದರು, ಜರ್ಮನಿಗೆ ಹೋಗಲಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ, ಅಷ್ಟು ವರ್ಷ ಗಿಡ ನೆಟ್ಟ ನಾಡಿನಲ್ಲೇ ಅವರನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟರು. ಬಿಡುಗಡೆಯಾದ ಮೇಲೂ ಇಲ್ಲೇ ಉಳಿದರು. 1956ರಲ್ಲಿ ಇಲ್ಲೇ ತೀರಿಕೊಂಡರು. ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ.

ಅವರಿಗೆ ಸಂಸಾರವಿತ್ತು, ನನಗಿಲ್ಲ. ಅವರನ್ನು ಇಲ್ಲಿ ಉಳಿಸಿದ್ದು ಪಾಸ್‌ಪೋರ್ಟ್ ಅಂತೂ ಅಲ್ಲ, ಇಪ್ಪತ್ತನಾಲ್ಕು ವರ್ಷದ ಒಡನಾಟ. ನಾನೋ ಮೂವತ್ತು ವರ್ಷ ಇಲ್ಲಿರಲೇ ಇಲ್ಲ.

ಅದಕ್ಕೇ ಅಲ್ಲಿನ ಮನೆ ಮಾರುವ ಮೊದಲು ಒಂದು ವರ್ಷ ನಾಲ್ಕನೇ ಬ್ಲಾಕಿನಲ್ಲಿ ಬಾಡಿಗೆಗಿರ್ತೀನಿ. ನಡುರಾತ್ರಿ ಜ್ವರ ಬಂದರೆ ಯಾರ ಬಾಗಿಲು ತಟ್ಟಬಹುದು ಅನ್ನೋದು ಅಷ್ಟರಲ್ಲಿ ಗೊತ್ತಾಗುತ್ತೆ.