ಹಿಮ ಕಾಣದ ನಾಡಿನಿಂದ ಹಿಮದ ಶಾಲೆಗೆ

ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿಗಳ ಜನರಿಗೆ ನೀರಿನ ಪರಿಚಯ ಚೆನ್ನಾಗಿದೆ. ಮಲಪ್ರಭೆ ಹುಟ್ಟುವ ಈ ಕಾಡಿನಲ್ಲಿ ನೀರು ಆಕಾಶದಿಂದ ಸುರಿಯುತ್ತದೆ, ಹಳ್ಳವಾಗಿ ಹರಿಯುತ್ತದೆ, ವಜ್ರಪೋಹದಲ್ಲಿ ಧುಮುಕುತ್ತದೆ. ಅದೇ ಜಲಪಾತ ಒಂದು ದಿನ ಗಟ್ಟಿಯಾಗಿ ಗಾಜಿನ ಗೋಡೆಯಂತೆ ನಿಂತುಬಿಟ್ಟರೆ? ಆ ಗೋಡೆಯನ್ನು ಮನುಷ್ಯ ಹತ್ತಬೇಕಾದರೆ? ಇಲ್ಲಿಯವರಿಗೆ ಇದು ಕಥೆಯಂತೆ ಕೇಳಬಹುದು. ಆದರೆ ಈ ತಾಲೂಕಿನಿಂದ, ಬೆಳಗಾವಿ ನಗರದಿಂದ, ಸುತ್ತಲಿನ ಜಿಲ್ಲೆಗಳಿಂದ ಸೇನೆ ಸೇರಿ ಉತ್ತರದ ಗಡಿಗೆ ಹೋಗುವ ಯುವಕರಿಗೆ ಇದು ನೌಕರಿಯ ಭಾಗ. ಅವರಿಗೆ ಈ ವಿದ್ಯೆ ಕಲಿಸುವ ಶಾಲೆಯನ್ನು ಆರಂಭಿಸಿದವರೂ ಕನ್ನಡ ನಾಡಿನವರೇ ಎಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ.

ಮೊದಲು ಈ ವಿದ್ಯೆ ಏನೆಂದು ನೋಡೋಣ. ಚಳಿಗಾಲದ ಹಿಮಾಲಯದಲ್ಲಿ ರಸ್ತೆಗಳು ಮುಚ್ಚಿಹೋಗುತ್ತವೆ. ಬರಿಗಾಲಿಗೆ ಬೂಟು ಹಾಕಿ ನಡೆದರೆ ಸೊಂಟದವರೆಗೆ ಹಿಮದಲ್ಲಿ ಹೂತುಹೋಗುವ ಜಾಗಗಳಿವೆ. ಅಲ್ಲಿ ಸ್ಕೀ ಎಂಬ ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡರೆ ಮೈಭಾರ ಹಂಚಿಹೋಗಿ ಮನುಷ್ಯ ಹಿಮದ ಮೇಲೆಯೇ ನಿಲ್ಲುತ್ತಾನೆ. ಏರುವಾಗ ಪಟ್ಟಿಯ ಅಡಿಗೆ ಒಂದೇ ದಿಕ್ಕಿಗೆ ಬಾಗಿದ ನವಿರು ಕೂದಲಿನ ಹೊದಿಕೆ ಅಂಟಿಸುತ್ತಾರೆ. ಮುಂದಕ್ಕೆ ಜಾರುವ ಪಟ್ಟಿ ಹಿಂದಕ್ಕೆ ಜಾರದು. ಹಿಂದೆ ಇದಕ್ಕೆ ಸೀಲ್ ಪ್ರಾಣಿಯ ಚರ್ಮ ಬಳಸುತ್ತಿದ್ದರು. ಈಗ ನೈಲಾನ್ ಮತ್ತು ಮೋಹೇರ್ ಬಂದಿವೆ. ಹಿಮ್ಮಡಿ ಮೇಲೇಳುವಂತೆ ಸಡಿಲ ಬಿಟ್ಟು ಏರುವುದು, ಹಿಮ್ಮಡಿ ಬಿಗಿದು ಇಳಿಯುವುದು ಇದರ ಕ್ರಮ.

ಹೀಗೆ ಗಂಟೆಗಟ್ಟಲೆ ಸಾಗಿದ ಮೇಲೆ ಮಂಜುಗಡ್ಡೆಯ ಗೋಡೆ ಸಿಗುತ್ತದೆ. ಸ್ಕೀ ಬಿಚ್ಚಿ, ಬೂಟಿನ ಅಡಿಗೆ ಉಕ್ಕಿನ ಹಲ್ಲುಗಳ ಕ್ರ್ಯಾಂಪಾನ್ ಕಟ್ಟಿ, ಎರಡೂ ಕೈಗಳಲ್ಲಿ ಹಿಮಗೊಡಲಿ ಹಿಡಿದು ಏರಬೇಕು. 1908ರಲ್ಲಿ ಆಸ್ಕರ್ ಎಕೆನ್‌ಸ್ಟೈನ್ ರೂಪಿಸಿದ ಕ್ರ್ಯಾಂಪಾನ್‌ಗೆ ಹತ್ತು ಹಲ್ಲುಗಳಿದ್ದವು. 1929ರಲ್ಲಿ ಇಟಲಿಯ ಲೊರಾಂ ಗ್ರಿವೆಲ್ ಮುಂದಕ್ಕೆ ಚಾಚಿದ ಇನ್ನೆರಡು ಹಲ್ಲು ಸೇರಿಸಿದರು. ಅಲ್ಲಿಯವರೆಗೆ ಕೊಡಲಿಯಿಂದ ಮೆಟ್ಟಿಲು ಕಡಿಯುತ್ತ ಏರುತ್ತಿದ್ದ ಮನುಷ್ಯ ಬೂಟಿನ ತುದಿಯನ್ನೇ ಗೋಡೆಗೆ ಒದ್ದು ನಿಲ್ಲುವಂತಾಯಿತು. ಗೋಡೆಯ ಕಷ್ಟಕ್ಕೆ ದರ್ಜೆಗಳಿವೆ. ಸುಮಾರು 70 ಡಿಗ್ರಿ ಕಡಿದಾಗಿದ್ದು, ನಡುನಡುವೆ ಕಾಲೂರಿ ದಣಿವಾರಿಸಿಕೊಳ್ಳಲು ಜಾಗವಿರುವ ಗೋಡೆಯನ್ನು ಮಧ್ಯಮ ದರ್ಜೆಯದೆನ್ನುತ್ತಾರೆ. ಪಳಗಿದವರಿಗೆ ಗೋಡೆಗಿಂತ ಅಲ್ಲಿಗೆ ಹೋಗುವ ದಾರಿಯೇ ಹೆಚ್ಚು ಅಪಾಯದ್ದು. 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಹಿಮಕುಸಿತಗಳು ಹೆಚ್ಚು. ಅಂಥ ಇಳಿಜಾರಿನ ಕೆಳಗೆ ಹಾಯದೆ ಗೋಡೆಯನ್ನು ಮುಟ್ಟುವುದು ಅಪರೂಪ.

1948ರ ಪಾಠ

ಪಾಶ್ಚಾತ್ಯರಿಗೆ ಇದು ಕ್ರೀಡೆಯಾಗಿ ಬೆಳೆಯಿತು. ಬ್ರಿಟಿಷ್ ಅಧಿಕಾರಿಗಳು 1927ರಲ್ಲೇ ಗುಲ್ಮಾರ್ಗ್‌ನಲ್ಲಿ ಸ್ಕೀ ಕ್ಲಬ್ ಕಟ್ಟಿದ್ದರು. ಆದರೆ ಸ್ವತಂತ್ರ ಭಾರತದ ಸೇನೆಗೆ ಇದು ಬೇಕಾದದ್ದು ಕಾಶ್ಮೀರದ ಯುದ್ಧದಲ್ಲಿ.

1948ರ ಫೆಬ್ರುವರಿಯಲ್ಲಿ ಲೇಹ್ ಪಟ್ಟಣಕ್ಕೆ ರಕ್ಷಣೆ ಬೇಕಿತ್ತು. ಮಧ್ಯೆ ಇದ್ದದ್ದು ಹಿಮ ತುಂಬಿದ ಜೋಜಿಲಾ ಕಣಿವೆದಾರಿ, ಎತ್ತರ ಸುಮಾರು 11,500 ಅಡಿ. ಆ ಕಾಲದಲ್ಲಿ ಅದನ್ನು ದಾಟಲು ಮುಂದೆ ಬಂದವರು ಡೋಗ್ರಾ ರೆಜಿಮೆಂಟಿನ ಪೃಥ್ವಿ ಚಂದ್ ಮತ್ತು ಖುಷಾಲ್ ಚಂದ್. ಸುಮಾರು 40 ಜನ ಸ್ವಯಂಸೇವಕರೊಂದಿಗೆ ಅವರು ಹೊರಟು ಮಾರ್ಚ್‌ನಲ್ಲಿ ಲೇಹ್ ಸೇರಿದರು. ಇಬ್ಬರೂ ಲಾಹೌಲ್‌ನವರು, ಹಿಮದಲ್ಲೇ ಹುಟ್ಟಿ ಬೆಳೆದವರು. ಹಿಮದ ಗುಣ ಅವರಿಗೆ ಹುಟ್ಟಿನಿಂದ ಬಂದ ತಿಳಿವಳಿಕೆಯಾಗಿತ್ತು.

ಆದರೆ ಇಡೀ ಸೇನೆ ಲಾಹೌಲ್‌ನಲ್ಲಿ ಹುಟ್ಟಿರಲಿಲ್ಲ. ಸ್ಕರ್ದು ಕೋಟೆಯೊಳಗೆ ಸಿಲುಕಿದ್ದ ಪಡೆಗೆ ನೆರವು ತಲುಪಿಸಲಾಗದೆ, ಆರು ತಿಂಗಳ ಮುತ್ತಿಗೆಯ ನಂತರ ಆಗಸ್ಟ್ 14ರಂದು ಅದು ಶರಣಾಯಿತು. ಅಷ್ಟರಲ್ಲಿ ಕಾರ್ಗಿಲ್, ದ್ರಾಸ್‌ಗಳೂ ಕೈಬಿಟ್ಟಿದ್ದವು. ಆಗ ಈ ರಣರಂಗದ ಡಿವಿಜನ್ನಿನ ದಂಡನಾಯಕರಾಗಿದ್ದವರು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೊಡವ, ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ನವೆಂಬರ್ 1ರಂದು ಅವರು ಯಾರೂ ನಿರೀಕ್ಷಿಸದ ಎತ್ತರಕ್ಕೆ ಹಗುರ ಟ್ಯಾಂಕುಗಳನ್ನು ಏರಿಸಿ ಜೋಜಿಲಾ ಗೆದ್ದರು. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಮರಳಿ ಬಂದವು.

ಈ ಗೆಲುವನ್ನು ಎಲ್ಲರೂ ನೆನೆಯುತ್ತಾರೆ. ಮರುತಿಂಗಳು ನಡೆದದ್ದು ಅಷ್ಟು ಪ್ರಸಿದ್ಧವಲ್ಲ. 1948ರ ಡಿಸೆಂಬರಿನಲ್ಲಿ ತಿಮ್ಮಯ್ಯನವರು ಗುಲ್ಮಾರ್ಗ್‌ನಲ್ಲಿ 19ನೇ ಪದಾತಿ ಡಿವಿಜನ್ನಿನ ಸ್ಕೀ ಶಾಲೆ ತೆರೆದರು. ಟ್ಯಾಂಕಿನಿಂದ ಶತ್ರುವನ್ನು ಒಮ್ಮೆ ಬೆರಗುಗೊಳಿಸಬಹುದು. ಚಳಿಗಾಲವಾದರೋ ಪ್ರತಿ ವರ್ಷ ಬರುತ್ತದೆ. ಲಾಹೌಲಿನವರಿಗೆ ಹುಟ್ಟಿನಿಂದ ಬಂದದ್ದನ್ನು ಬಯಲುಸೀಮೆಯವನಿಗೂ ಮಲೆನಾಡಿನವನಿಗೂ ಪಾಠ ಮಾಡಿ ಕಲಿಸಬಹುದು ಎಂಬ ನಂಬಿಕೆ ಆ ಶಾಲೆಯ ಹಿಂದಿತ್ತು. ತಿಮ್ಮಯ್ಯನವರು 1957ರಲ್ಲಿ ಸೇನಾ ಮುಖ್ಯಸ್ಥರಾದರು. 1962ರ ಏಪ್ರಿಲ್‌ನಲ್ಲಿ ಶಾಲೆ ‘ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್’ ಎಂಬ ಹೆಸರು ಪಡೆಯಿತು. ಚಳಿಗಾಲದಲ್ಲಿ ಗುಲ್ಮಾರ್ಗ್‌ನಲ್ಲಿ ಸ್ಕೀ ಮತ್ತು ಹಿಮಯುದ್ಧದ ಪಾಠ, ಬೇಸಿಗೆಯಲ್ಲಿ ಸೋನಾಮಾರ್ಗ್‌ನಲ್ಲಿ ಬಂಡೆ ಮತ್ತು ಮಂಜುಗಡ್ಡೆ ಏರುವ ಪಾಠ ಇಲ್ಲಿ ನಡೆಯುತ್ತವೆ.

ಬೆಳಗಾವಿಯ ಬಂಡೆ, ಸಿಯಾಚಿನ್ನಿನ ಮಂಜು

ಬೆಳಗಾವಿಗೂ ಇದಕ್ಕೂ ನಂಟಿದೆ. 1922ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರ ಇಲ್ಲಿದೆ. ಪದಾತಿ ಪಡೆಗಳ ‘ಘಾತಕ’ ತುಕಡಿಗಳ ಯೋಧರು ಕಮಾಂಡೊ ತರಬೇತಿಗೆ ಬರುವುದೂ ಇಲ್ಲಿಗೇ. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದ ಊರಿನಲ್ಲಿ ಹಗ್ಗ ಹಿಡಿದು ಬಂಡೆ ಹತ್ತಲು ಕಲಿತವರಲ್ಲಿ ಕೆಲವರು ಮುಂದೆ ಗುಲ್ಮಾರ್ಗ್ ಶಾಲೆಗೂ ಹೋಗುತ್ತಾರೆ. ಹಗ್ಗದ ಗಂಟು, ಜೊತೆಗಾರನ ಮೇಲಿನ ಭರವಸೆ ಎರಡೂ ಕಡೆ ಒಂದೇ. ಆದರೆ ಬಂಡೆ ನಿನ್ನೆ ಇದ್ದಂತೆ ಇಂದೂ ಇರುತ್ತದೆ. ಮಂಜುಗಡ್ಡೆ ಬಿಸಿಲೇರಿದಂತೆ ಬೇರೆಯಾಗುತ್ತದೆ.

ಗುಲ್ಮಾರ್ಗ್ ಶಾಲೆಯ ಮುಖ್ಯಸ್ಥರಾಗಿದ್ದ ಕರ್ನಲ್ ನರೇಂದ್ರ ಕುಮಾರ್ 1978ರಲ್ಲೂ 1981ರಲ್ಲೂ ಸಿಯಾಚಿನ್ ಹಿಮನದಿಗೆ ದಂಡಯಾತ್ರೆ ನಡೆಸಿದರು. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಆರಂಭವಾದಾಗ ಅವರು ತಂದ ತಿಳಿವಳಿಕೆ ನೆರವಾಯಿತು. 1987ರ ಜೂನ್‌ನಲ್ಲಿ ಬಾನಾ ಸಿಂಗ್ ಮತ್ತು ಸಂಗಡಿಗರು ಸುಮಾರು 21 ಸಾವಿರ ಅಡಿ ಎತ್ತರದ ಠಾಣೆಯನ್ನು ಗೆದ್ದದ್ದು 1,500 ಅಡಿಯ ಮಂಜುಗೋಡೆ ಏರಿ. ಬಾನಾ ಸಿಂಗ್ ಅವರಿಗೆ ಪರಮವೀರ ಚಕ್ರ ಬಂತು.

2003ರ ನವೆಂಬರಿನಿಂದ ಅಲ್ಲಿ ಕದನವಿರಾಮವಿದೆ. ಆದರೂ ಸಾವು ನಿಂತಿಲ್ಲ. ಸಿಯಾಚಿನ್ನಿನಲ್ಲಿ ಗುಂಡಿಗಿಂತ ಹಿಮ, ಚಳಿ, ತೆಳುಗಾಳಿಗಳೇ ಹೆಚ್ಚು ಜನರನ್ನು ಕೊಂದಿವೆ. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಹಿಮದಡಿ ಸಿಲುಕಿದವನನ್ನು ಕಾಲು ಗಂಟೆಯೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಕರಗುತ್ತದೆ. ಆರನೆಯ ದಿನ ಜೀವಂತವಾಗಿ ಸಿಕ್ಕವರು ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನವರು. ಇಡೀ ದೇಶ ಹರಕೆ ಹೊತ್ತಿತು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಶಾಲೆಯ ವಿದ್ಯೆಗೂ ಮಿತಿ ಇದೆಯೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ವಿದ್ಯೆಯಿಲ್ಲದೆ ಅಲ್ಲಿ ಒಂದು ವಾರ ಬದುಕುವುದೂ ಕಷ್ಟ. ಎತ್ತರಕ್ಕೆ ಹೋಗುವ ಯೋಧನನ್ನು 9 ಸಾವಿರ ಅಡಿಯ ಮೇಲೆ ಆರು ದಿನ, 12 ಸಾವಿರದ ಮೇಲೆ ನಾಲ್ಕು ದಿನ, 15 ಸಾವಿರದ ಮೇಲೆ ಮತ್ತೆ ನಾಲ್ಕು ದಿನ ತಡೆದು ಮೈಗೆ ಒಗ್ಗಿಸುತ್ತಾರೆ. ಆತುರಪಟ್ಟರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಇಂಥ ಒಂದೊಂದು ನಿಯಮವೂ ಯಾರದೋ ಅನುಭವದಿಂದ ಬಂದದ್ದು.

ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಈಗ ಕರ್ನಾಟಕದಲ್ಲಿ ನಾಗರಿಕ ಯುವಕರಿಗೆ ಬಂಡೆ ಏರುವುದನ್ನು ಕಲಿಸುತ್ತದೆ. ಅವರಲ್ಲಿ ಕೆಲವರಿಗೆ ಅದು ಹವ್ಯಾಸವಾಗಿ ಉಳಿಯಬಹುದು. ಖಾನಾಪುರದ ಹಳ್ಳಿಯಿಂದ ಸೇನಾ ಭರ್ತಿಗೆ ಬೆಳಗಾವಿಯ ಮೈದಾನದಲ್ಲಿ ಓಡುವ ಹುಡುಗನಿಗೆ ಅಂಥ ಆಯ್ಕೆ ಇಲ್ಲ. ಮಳೆಗಾಲದಲ್ಲಿ ಬೆಳೆದವನು ಹಿಮಗಾಲದಲ್ಲಿ ಕಾವಲು ನಿಲ್ಲಬೇಕು. ಅವನು ಮರಳಿ ಮನೆಗೆ ಬರುವುದು 1948ರ ಡಿಸೆಂಬರಿನಲ್ಲಿ ಆರಂಭವಾದ ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದಾನೆ ಎಂಬುದನ್ನೂ ಅವಲಂಬಿಸಿದೆ.