ಆಪ್ತಸಮಾಲೋಚಕರು ಹಾಗೂ ಮಾನಸಿಕ ಆರೋಗ್ಯ ವೃತ್ತಿಪರರು: ವಿದ್ಯಾರ್ಹತೆ, ತರಬೇತಿ ಮತ್ತು ನೋಂದಣಿ

ಮಾನಸಿಕ ಆರೋಗ್ಯ ಸೇವೆಯನ್ನು ಬಯಸುವ ಸಾರ್ವಜನಿಕರು ತಾವು ಸಂಪರ್ಕಿಸುವ ವೃತ್ತಿಪರರ ವಿದ್ಯಾರ್ಹತೆ ಮತ್ತು ನೋಂದಣಿಯ ಬಗ್ಗೆ ತಿಳಿದಿರುವುದು ಅವಶ್ಯಕವಾಗಿದೆ. ಮೂಳೆ ಮುರಿದಾಗ ಯಾರ ಬಳಿ ಹೋಗಬೇಕೆಂಬುದು ಎಲ್ಲರಿಗೂ ತಿಳಿದಿದೆ. ಮನಸ್ಸಿನ ತೊಂದರೆಗೆ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಆಪ್ತಸಮಾಲೋಚಕರು ಇವರಲ್ಲಿ ಯಾರನ್ನು ಕಾಣಬೇಕೆಂಬ ವಿಷಯದಲ್ಲಿ ಮಾತ್ರ ಗೊಂದಲ ಮುಂದುವರಿದಿದೆ. ಈ ಪುಟದಲ್ಲಿ ಸದರಿ ವೃತ್ತಿಗಳ ನಡುವಿನ ವ್ಯತ್ಯಾಸವನ್ನು ವಿವರಿಸಲಾಗಿದೆ.

ಆಪ್ತಸಮಾಲೋಚಕ ಎಂಬ ಪದನಾಮ

ಸರ್ಕಾರಿ ಆಸ್ಪತ್ರೆಗಳ ಎಚ್.ಐ.ವಿ. ಪರೀಕ್ಷಾ ಕೇಂದ್ರ, ಹದಿಹರೆಯದವರ ಸ್ನೇಹ ಕ್ಲಿನಿಕ್, ಮಹಿಳೆಯರ ಸಾಂತ್ವನ ಕೇಂದ್ರ, ಕೌಟುಂಬಿಕ ನ್ಯಾಯಾಲಯ, ಶಾಲಾ ಕಾಲೇಜು ಹೀಗೆ ಅನೇಕ ಕಡೆ ಆಪ್ತಸಮಾಲೋಚಕರು ಕಾರ್ಯನಿರ್ವಹಿಸುತ್ತಾರೆ. ಇವರ ವಿದ್ಯಾರ್ಹತೆಯನ್ನು ಆಯಾ ಯೋಜನೆಯ ನಿಯಮಗಳೇ ನಿಗದಿಪಡಿಸುತ್ತವೆ. ಸಾಮಾನ್ಯವಾಗಿ ಮನಃಶಾಸ್ತ್ರ ಅಥವಾ ಸಮಾಜಕಾರ್ಯದಲ್ಲಿ ಪದವಿ ಇಲ್ಲವೇ ಸ್ನಾತಕೋತ್ತರ ಪದವಿ ಪಡೆದವರನ್ನು ಆಯ್ಕೆ ಮಾಡಿ, ನಂತರ ಯೋಜನೆಗೆ ಸಂಬಂಧಿಸಿದ ತರಬೇತಿಯನ್ನು ನೀಡಲಾಗುತ್ತದೆ.

ಆದರೆ ಖಾಸಗಿಯಾಗಿ ಸಮಾಲೋಚನಾ ಕೇಂದ್ರ ನಡೆಸುವವರ ವಿಷಯ ಬೇರೆ. ವೈದ್ಯ ಅಥವಾ ವಕೀಲ ಎಂಬ ಹೆಸರಿಗೆ ಇರುವಂತಹ ಕಾನೂನಿನ ರಕ್ಷಣೆ ಆಪ್ತಸಮಾಲೋಚಕ ಎಂಬ ಹೆಸರಿಗೆ ನಮ್ಮ ದೇಶದಲ್ಲಿ ಬಹುಕಾಲ ಇರಲಿಲ್ಲ. ಎರಡು ವರ್ಷ ಸ್ನಾತಕೋತ್ತರ ವ್ಯಾಸಂಗ ಮಾಡಿ ಮೇಲ್ವಿಚಾರಕರ ಅಧೀನದಲ್ಲಿ ಪಳಗಿದವರೂ, ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದವರೂ ಒಂದೇ ಬಗೆಯ ನಾಮಫಲಕವನ್ನು ಹಾಕಿಕೊಳ್ಳಲು ಸಾಧ್ಯವಾಗಿರುವುದು ಇದರಿಂದಲೇ.

ಕೆಲವು ಜಾಹೀರಾತುಗಳಲ್ಲಿ ಕಂಡುಬರುವ ‘ಲೈಸೆನ್ಸ್ ಹೊಂದಿದ ಸಮಾಲೋಚಕ’ ಎಂಬ ಮಾತು ಅಮೆರಿಕದ ರಾಜ್ಯಗಳ ಪದ್ಧತಿಯಿಂದ ಬಂದದ್ದು. ಉದಾಹರಣೆಗೆ, ನ್ಯೂಯಾರ್ಕ್ ರಾಜ್ಯದಲ್ಲಿ ಮಾನಸಿಕ ಆರೋಗ್ಯ ಸಮಾಲೋಚಕರ ಲೈಸೆನ್ಸ್‌ಗೆ 60 ಕ್ರೆಡಿಟ್‌ಗಳ ಸ್ನಾತಕೋತ್ತರ ವ್ಯಾಸಂಗ, ಮೇಲ್ವಿಚಾರಣೆಯಲ್ಲಿ 3,000 ಗಂಟೆಗಳ ಅನುಭವ ಮತ್ತು ಪರೀಕ್ಷೆಯಲ್ಲಿ ತೇರ್ಗಡೆ ಕಡ್ಡಾಯ. ಅಂತಹ ಲೈಸೆನ್ಸ್ ಕೊಟ್ಟ ರಾಜ್ಯದ ಗಡಿಯೊಳಗೆ ಮಾತ್ರ ಅದಕ್ಕೆ ಕಾನೂನಿನ ಬಲವಿರುತ್ತದೆ. ಭಾರತದಲ್ಲಿ ಯಾರಾದರೂ ಈ ಮಾತನ್ನು ಬಳಸಿದಲ್ಲಿ, ಯಾವ ಪರಿಷತ್ತಿನ ನೋಂದಣಿ ಮತ್ತು ಅದರ ಸಂಖ್ಯೆ ಯಾವುದು ಎಂದು ಕೇಳುವುದು ಸೂಕ್ತ.

ಸಂಸತ್ತು 2021ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗ ಅಧಿನಿಯಮವು ಈ ಕೊರತೆಯನ್ನು ತುಂಬುವ ಉದ್ದೇಶ ಹೊಂದಿದೆ. ಅದರ ಅನುಸೂಚಿಯಲ್ಲಿ ಮನೋವಿಜ್ಞಾನಿಗಳು, ಆರೋಗ್ಯ ಸಮಾಲೋಚಕರು ಹಾಗೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಸೇರಿಸಲಾಗಿದ್ದು, ಆರೋಗ್ಯ ರಕ್ಷಣಾ ವೃತ್ತಿಪರರ ಪದವಿ ಶಿಕ್ಷಣವು 3,600 ಗಂಟೆಗಳಿಗೆ ಕಡಿಮೆ ಇರಬಾರದೆಂದು ವಿಧಿಸಲಾಗಿದೆ. ಕೇಂದ್ರ ಮತ್ತು ರಾಜ್ಯ ಮಟ್ಟದಲ್ಲಿ ನೋಂದಣಿ ಪುಸ್ತಕಗಳನ್ನು ಇಡಲು ಇದರಲ್ಲಿ ಅವಕಾಶವಿದೆ. ಈ ಅಧಿನಿಯಮದ ವ್ಯಾಪ್ತಿಗೆ ಬರುವ ವಿಷಯಗಳನ್ನು, ಮನಃಶಾಸ್ತ್ರವೂ ಸೇರಿದಂತೆ, ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಬೋಧಿಸಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರ ಜುಲೈ-ಆಗಸ್ಟ್ ಶೈಕ್ಷಣಿಕ ಅವಧಿಯಿಂದ ನಿರ್ಬಂಧ ವಿಧಿಸಿದೆ. ಎದುರಿಗೆ ಕುಳಿತ ವ್ಯಕ್ತಿಯ ಮಾತನ್ನು ಆಲಿಸುವ ವಿದ್ಯೆಯನ್ನು ಅಂಚೆಯಲ್ಲಿ ಕಲಿಸಲಾಗದು ಎಂಬ ಅಧ್ಯಾಪಕರ ಹಳೆಯ ಆಕ್ಷೇಪಣೆಗೆ ಇದರಿಂದ ಬೆಲೆ ಬಂದಂತಾಗಿದೆ.

ಮನೋವೈದ್ಯರು

ಎಂ.ಬಿ.ಬಿ.ಎಸ್. ಪದವಿಯ ನಂತರ ಮೂರು ವರ್ಷಗಳ ಎಂ.ಡಿ. ಅಥವಾ ತತ್ಸಮಾನ ವ್ಯಾಸಂಗ ಮುಗಿಸಿದವರು ಮನೋವೈದ್ಯರು. ಕರ್ನಾಟಕದಲ್ಲಿ ಇವರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರಾಗಿರತಕ್ಕದ್ದು. ಔಷಧಿಯನ್ನು ಬರೆದುಕೊಡುವ ಅಧಿಕಾರ ವೈದ್ಯರಿಗೆ ಸೇರಿದ್ದು. ಮನೋವಿಜ್ಞಾನಿಗಳಾಗಲಿ ಸಮಾಲೋಚಕರಾಗಲಿ ಮಾತ್ರೆಗಳನ್ನು ಸೂಚಿಸುವಂತಿಲ್ಲ. ತಮ್ಮ ವೃತ್ತಿಕ್ಷೇತ್ರಕ್ಕೆ ಸೇರದ ಔಷಧ ಅಥವಾ ಚಿಕಿತ್ಸೆಯನ್ನು ಸೂಚಿಸುವುದನ್ನು ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 106ನೇ ಪ್ರಕರಣವು ಸ್ಪಷ್ಟವಾಗಿ ನಿಷೇಧಿಸುತ್ತದೆ.

ಕ್ಲಿನಿಕಲ್ ಸೈಕಾಲಜಿಸ್ಟ್

ಸಾರ್ವಜನಿಕರಲ್ಲಿ ಅತಿ ಹೆಚ್ಚು ಗೊಂದಲವಿರುವುದು ಈ ಪದನಾಮದ ಬಗ್ಗೆ. ಎಂ.ಎ. ಅಥವಾ ಎಂ.ಎಸ್ಸಿ. ಮನಃಶಾಸ್ತ್ರ ಓದಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. 2017ರ ಅಧಿನಿಯಮದ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿಯ ಮಾನ್ಯ ಅರ್ಹತೆ ಪಡೆದಿರಬೇಕು. ಅಥವಾ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಮುಗಿಸಿರಬೇಕು.

ಈ ಎಂ.ಫಿಲ್. ಇತರ ವಿಷಯಗಳ ಎಂ.ಫಿಲ್.ನಂತೆ ಕೇವಲ ಸಂಶೋಧನಾ ಪದವಿಯಲ್ಲ. ಅಭ್ಯರ್ಥಿಯು ಆಸ್ಪತ್ರೆಯ ಹೊರರೋಗಿ ವಿಭಾಗ ಮತ್ತು ವಾರ್ಡುಗಳಲ್ಲಿ ರೋಗಿಯ ಪೂರ್ವವೃತ್ತಾಂತ ಬರೆದುಕೊಳ್ಳುವುದು, ಬುದ್ಧಿಶಕ್ತಿ ಹಾಗೂ ವ್ಯಕ್ತಿತ್ವದ ಪರೀಕ್ಷೆ ನಡೆಸುವುದು, ಮನಶ್ಚಿಕಿತ್ಸೆ ನೀಡುವುದು ಇವೆಲ್ಲವನ್ನೂ ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಚಿಕಿತ್ಸೆಯಲ್ಲಿ ತಾನು ಆಡಿದ ಮಾತು ಸರಿಯೇ ತಪ್ಪೇ ಎಂಬುದನ್ನು ಮೇಲ್ವಿಚಾರಕರ ಮುಂದೆ ಒಪ್ಪಿಸಿ ತಿದ್ದಿಸಿಕೊಳ್ಳುವುದೇ ಈ ತರಬೇತಿಯ ತಿರುಳು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭಗೊಂಡ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಇಂತಹ ತರಬೇತಿಗೆ ದೇಶದಲ್ಲಿ ಬುನಾದಿ ಹಾಕಿದ ಸಂಸ್ಥೆಗಳಲ್ಲೊಂದು. ಅದು 1974ರಲ್ಲಿ ಮಾನಸಿಕ ಆಸ್ಪತ್ರೆಯೊಂದಿಗೆ ವಿಲೀನಗೊಂಡು ಇಂದಿನ ನಿಮ್ಹಾನ್ಸ್ ಆಯಿತು. ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯೂ ಉತ್ತರ ಕರ್ನಾಟಕದ ಜನತೆಗೆ ಪರಿಚಿತ.

ಎಂ.ಫಿಲ್. ಪದವಿಯನ್ನು 2022ರ ನಿಯಮಾವಳಿಗಳಲ್ಲಿ ಕೈಬಿಡಲಾಯಿತಾದರೂ, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ 2025-26ನೇ ಸಾಲಿನವರೆಗೆ ವಿನಾಯಿತಿ ನೀಡಲಾಗಿತ್ತು. ಈಗಾಗಲೇ ಪಡೆದ ಎಂ.ಫಿಲ್. ಪದವಿಗೆ ಇದರಿಂದ ಬಾಧಕವಿಲ್ಲ. ಹೊಸದಾಗಿ ವ್ಯಾಸಂಗ ಮಾಡಬಯಸುವವರು ಶುಲ್ಕ ಪಾವತಿಸುವ ಮುನ್ನ ಪರಿಷತ್ತಿನ ಮಾನ್ಯತೆ ಸದರಿ ಕೋರ್ಸಿಗೂ ಆ ವರ್ಷಕ್ಕೂ ಇದೆಯೇ ಎಂದು ಪರಿಶೀಲಿಸಿಕೊಳ್ಳತಕ್ಕದ್ದು. ವಿಶ್ವವಿದ್ಯಾಲಯಕ್ಕೆ ಇರುವ ಮಾನ್ಯತೆಯೇ ಕೋರ್ಸಿನ ಮಾನ್ಯತೆಯಾಗುವುದಿಲ್ಲ.

ಅರ್ಹತೆ ಪಡೆದವರ ಹೆಸರು ಪುನರ್ವಸತಿ ಪರಿಷತ್ತಿನ ಕೇಂದ್ರ ನೋಂದಣಿ ಪುಸ್ತಕದಲ್ಲಿ ದಾಖಲಾಗಿರಬೇಕು ಮತ್ತು ಕಾಲಕಾಲಕ್ಕೆ ನವೀಕರಣಗೊಂಡಿರಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸುವವರಿಗೆ 1992ರ ಪುನರ್ವಸತಿ ಪರಿಷತ್ತು ಅಧಿನಿಯಮದಲ್ಲಿ ಒಂದು ವರ್ಷದವರೆಗೆ ಕಾರಾವಾಸ ಅಥವಾ ಒಂದು ಸಾವಿರ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಜುಲ್ಮಾನೆಯ ಮೊತ್ತ ಇಂದಿನ ದಿನಕ್ಕೆ ಅಲ್ಪವೆನಿಸಿದರೂ, ಅಪರಾಧ ಅಪರಾಧವೇ.

ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವವರಿಗೆ

ಬೌದ್ಧಿಕ ಅಂಗವೈಕಲ್ಯ ಅಥವಾ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕಾಗಿ ಅರ್ಜಿ ಸಲ್ಲಿಸುವ ಪೋಷಕರಿಗೆ ನೋಂದಣಿಯ ಪ್ರಶ್ನೆ ನೇರವಾಗಿ ತಟ್ಟುತ್ತದೆ. ಪ್ರಮಾಣಪತ್ರವನ್ನು ನೀಡುವುದು ನಿಯೋಜಿತ ವೈದ್ಯಕೀಯ ಪ್ರಾಧಿಕಾರ. ಅದಕ್ಕೆ ಆಧಾರವಾಗುವ ಬುದ್ಧಿಶಕ್ತಿ ಪರೀಕ್ಷೆಯನ್ನು ಅರ್ಹ ಮನೋವಿಜ್ಞಾನಿ ನಡೆಸಿರಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಗುರುತಿಸಲು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆಯನ್ನು ಬಳಸುವಂತೆ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ತಿಳಿಸಿತು. ನೋಂದಣಿಯಿಲ್ಲದ ಸಮಾಲೋಚಕರಿಂದ ಹಣ ಕೊಟ್ಟು ತಂದ ವರದಿಯು ತಿರಸ್ಕೃತವಾಗಿ, ಮಗುವನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾಗಬಹುದು. ಶಾಲಾ ಪರೀಕ್ಷೆಗಳು ಸಮೀಪಿಸಿರುವಾಗ ಇದರಿಂದ ವರ್ಷವೇ ಕೈತಪ್ಪುವ ಸಂಭವವಿದೆ. ಆದುದರಿಂದ ವರದಿಯಲ್ಲಿ ಸಹಿಯ ಕೆಳಗೆ ನೋಂದಣಿ ಸಂಖ್ಯೆ ನಮೂದಾಗಿರುವುದನ್ನು ಪೋಷಕರು ಖಚಿತಪಡಿಸಿಕೊಳ್ಳಬೇಕು.

ಇತರ ವೃತ್ತಿಪರರು

ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಯ ನಂತರ ತಮ್ಮ ವಿಷಯದಲ್ಲಿ ಎರಡು ವರ್ಷಗಳ ಎಂ.ಫಿಲ್. ಮುಗಿಸಿದವರಾಗಿದ್ದು, ರೋಗಿಯ ಕುಟುಂಬ ಹಾಗೂ ಪುನರ್ವಸತಿಗೆ ಸಂಬಂಧಿಸಿದ ಕಾರ್ಯವನ್ನು ನಿರ್ವಹಿಸುತ್ತಾರೆ. ಇವರನ್ನೂ, ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಮಾನಸಿಕ ಆರೋಗ್ಯ ಶುಶ್ರೂಷಕರನ್ನೂ ನೋಂದಾಯಿಸಿ ಪಟ್ಟಿಯನ್ನು ಪ್ರಕಟಿಸುವುದು 2017ರ ಅಧಿನಿಯಮದ 55ನೇ ಪ್ರಕರಣದಂತೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಕರ್ತವ್ಯ.

ಗೋಪ್ಯತೆ ಮತ್ತು ದೂರು

ಚಿಕಿತ್ಸೆ ಪಡೆಯುವವರ ಮಾಹಿತಿಯನ್ನು ಗೋಪ್ಯವಾಗಿ ಇಡುವುದು ವೃತ್ತಿಪರರ ಶಾಸನಬದ್ಧ ಹೊಣೆ. ಜೀವಕ್ಕೆ ಅಪಾಯ, ಇತರರಿಗೆ ಹಾನಿ, ನ್ಯಾಯಾಲಯದ ಆದೇಶ ಮುಂತಾದ ಸಂದರ್ಭಗಳನ್ನು ಮಾತ್ರ ಕಾನೂನು ಹೊರತುಪಡಿಸಿದೆ. ಮಾನಸಿಕ ಆರೋಗ್ಯ ಸಂಸ್ಥೆಯ ಸೇವೆಯಲ್ಲಿ ಲೋಪವಾದಲ್ಲಿ ಮೊದಲು ಅಲ್ಲಿನ ಪ್ರಭಾರ ವೈದ್ಯಾಧಿಕಾರಿಗೆ, ಸಮಾಧಾನವಾಗದಿದ್ದಲ್ಲಿ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ, ಅನಂತರ ರಾಜ್ಯ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ವೈದ್ಯರ ವೃತ್ತಿ ನಡತೆಯ ಕುರಿತ ದೂರುಗಳನ್ನು ವೈದ್ಯಕೀಯ ಪರಿಷತ್ತು ವಿಚಾರಿಸುತ್ತದೆ.

ತುರ್ತಾಗಿ ಮಾತನಾಡಬೇಕಾದವರು ಅರ್ಹತೆಗಳ ಪರಿಶೀಲನೆಗೆ ಕಾಯಬೇಕಾಗಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದಾಗಿದೆ.