‘ದೂರದರ್ಶನ ಮುಚ್ಚಿತು’ ಎಂಬ ಸಂದೇಶ ನಿಜವೇ?

ಸುಳ್ಳು. ಕಲಬುರಗಿ ಕೇಂದ್ರ ಮುಚ್ಚುತ್ತದೆಂದು 2021ರಲ್ಲಿ ಸುದ್ದಿ ಹರಡಿದಾಗಲೇ ಪ್ರಸಾರ ಭಾರತಿ ಸ್ಪಷ್ಟಪಡಿಸಿತ್ತು: ನಿಲ್ಲುವುದು ಹಳೆಯ ಅನಲಾಗ್ ಟವರ್ ಪ್ರಸಾರ ಮಾತ್ರ, ಕೇಂದ್ರದ ಕಾರ್ಯಕ್ರಮಗಳು ರಾಜ್ಯದ ಉಪಗ್ರಹ ಚಾನೆಲ್‌ನಲ್ಲಿ ಬರುತ್ತವೆ. ನಮಗೆ ಅದು ಚಂದನ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಮನೆಗಳಿಗೆ ತೊಂದರೆ ಬೇರೆಯದು. ಮಾಡಿನ ಮೇಲಿನ ಹಳೇ ಆಂಟೆನಾ ಈಗ ಕಾಗೆ ಕೂರಲಷ್ಟೇ. ಕೇಬಲ್ ಇಲ್ಲದಲ್ಲಿ ಡಿಶ್ ಬೇಕು. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ನಿಜ. ಆದರೆ ಅದರ ಕೆಯು ಬ್ಯಾಂಡ್ ತರಂಗಗಳನ್ನು ಜೋರು ಮಳೆಯ ಹನಿಗಳು ಹೀರಿ ಚದುರಿಸುತ್ತವೆ. ಹಾಗಾಗಿ ಆಗುಂಬೆ, ಹುಲಿಕಲ್ ಕಡೆ ಮಳೆಯ ಸುದ್ದಿ ತೀರಾ ಬೇಕಾದಾಗಲೇ ಟಿವಿ ಕೈಕೊಡುತ್ತದೆ. ಆಗ ಡಿಶ್ ತಿರುಗಿಸಲು ಜಾರುವ ಮಾಡು ಹತ್ತಬೇಡಿ. ಮಳೆ ಇಳಿದರೆ ಚಿತ್ರ ತಾನಾಗಿ ಬರುತ್ತದೆ. ಅಲ್ಲಿಯವರೆಗೆ ಭದ್ರಾವತಿ ಆಕಾಶವಾಣಿ ಹಿಡಿಯುವ ಶೆಲ್ ರೇಡಿಯೊ ಕೈಗೆ ಸಿಗುವಂತಿರಲಿ.